ಬೊಮ್ಮಜ್ಜನನ್ನು ತಿಂದ ಹುಲಿ

ಒಂದಾನೊಂದು ಕಾಲದಲ್ಲಿ, ಹುಲಿ ಕೆರೆಗೆ ಬಂದು ನೀರು ಕುಡಿದು ಹೋಗ್ತಿದ್ದ ಕಾಲ ಅಂತಿಟ್ಕೋ ಮಗಾ, ಒಂದು ಮನೇಲಿ ಮೂರು ಜನ ವಾರಗಿತ್ತಿಯರಿದ್ದರಂತೆ. ದೊಡ್ಡವಳು ಹಾಲವ್ವ, ನಡುವಿನವಳು ಕೆಂಚವ್ವ, ಕಿರಿಯವಳು ತಿಪ್ಪವ್ವ. ತಿಪ್ಪವ್ವನ ವಿಷಯ ಬಿಡು, ಮುದ್ದೆ ಬಿಸಿಯಾಗಿದ್ದರೆ ಅವಳಿಗೆ ಯಾರ ಮೇಲೂ ಸಿಟ್ಟಿಲ್ಲ.

ಕೆಂಚವ್ವನ ಹೊಟ್ಟೇಲಿ ಮಾತ್ರ ಸದಾ ಕೆಂಡ. ಯಾಕೆ ಅಂತೀಯ? ಕೆರೆ ಏರಿ ಮೇಲೊಂದು ವೀರಗಲ್ಲು, ಅದರಲ್ಲಿ ಹುಲಿಗೆ ಈಟಿ ಚುಚ್ಚೋ ಬೊಮ್ಮಜ್ಜ. ಹುಲಿ ಜೊತೆ ಕಾದಾಡಿ ಸತ್ತ ಆ ಬೊಮ್ಮಜ್ಜ ಹಾಲವ್ವನ ಮುತ್ತಜ್ಜನಂತೆ. ಅದಕ್ಕೇ ಯುಗಾದಿಗೆ ಕಲ್ಲಿಗೆ ಆರತಿ ಎತ್ತೋದು ಹಾಲವ್ವ ಒಬ್ಬಳೇ, ಕೆಂಚವ್ವನ ಕೈಗೆ ಬರೀ ಎಣ್ಣೆಬಟ್ಟಲು. ಸಾಲದ್ದಕ್ಕೆ, ಬೆಕ್ಕು ಕಂಡರೆ ಕೆಂಚವ್ವ ಒರಳುಕಲ್ಲು ಹತ್ತಿ ನಿಲ್ಲೋಳು. ಆಗೆಲ್ಲ ಹಾಲವ್ವ ಕೋಣೆ ಬಾಗಿಲು ಹಾಕ್ಕೊಂಡು ಒಳಗಿಂದಲೇ, ನಮ್ಮ ವಂಶ ಹುಲಿಗೇ ಹೆದರಿದ್ದಲ್ಲ ಕಣೇ ತಂಗಿ, ಅನ್ನೋಳಂತೆ.

ಆಮೇಲೆ ಕೆಂಚವ್ವ, ಆ ಅಜ್ಜ ಹೇಗೆ ಸತ್ತ ಅಂತ ನಾನೂ ನೋಡೇಬಿಡ್ತೀನಿ ಅಂತ ಹೊರಟಳಂತೆ. ಮೊದಲು ಮಡಿವಾಳರ ಮುದುಕಿಯನ್ನ ಕೇಳಿದಳು. ಮುದುಕಿ, ರುಮಾಲು ಸಿಕ್ಕಿತ್ತಂತೆ ಕಣವ್ವ, ಮೂಳೆ ಒಂದೂ ಸಿಗಲಿಲ್ಲ ಅಂತ ನಮ್ಮತ್ತೆ ಹೇಳೋಳು, ಅಂದಳು. ಕೆಂಚವ್ವನಿಗೆ ಅರ್ಧ ಹೊಟ್ಟೆ ತುಂಬಿತು. ಆಮೇಲೆ ಹೊಳೆ ಅಂಬಿಗನನ್ನ ಕೇಳಿದಳು. ಅವನು, ಆ ಹುಲಿ ಬಂದ ದಿನಾನೇ ಒಂದೇ ಕಾಲಲ್ಲಿ ಕೆರ ಮೆಟ್ಟಿದ್ದೋನನ್ನ ನಮ್ಮ ತಾತ ಆಚೆ ದಡಕ್ಕೆ, ನಿನ್ನ ತವರಿನ ಕಡೆಗೇ ದಾಟಿಸಿದ್ದನಂತೆ, ಆಸಾಮಿ ತಿರುಗಿ ನೋಡ್ಲಿಲ್ಲವಂತೆ, ಅಂದ. ಅವತ್ತು ಕೆಂಚವ್ವನಿಗೆ ಊಟವೇ ಬೇಡವಾಯ್ತು, ಅಷ್ಟು ಸಂತೋಷ!

ಮೂರನೆಯವನು ಹೆಳವ. ಎತ್ತಿನ ಮೇಲೆ ಊರೂರು ಸುತ್ತಿ, ಮನೆತನಗಳ ಹುಟ್ಟು ಸಾವೆಲ್ಲ ಬಾಯಲ್ಲೇ ಇಟ್ಕೊಂಡು ಹಾಡೋನು. ಕರೆದೋರ ವಂಶ ಹಾಡ್ತಾನೆ, ಬೊಮ್ಮಜ್ಜನ ಮನೇಲಿ ಗಂಡು ಸಂತಾನ ಉಳಿಯದೆ ಕರೆಯೋರೇ ಇರಲಿಲ್ಲ. ಕೆಂಚವ್ವ ತನ್ನ ಧಾರೆ ಸೀರೇನೇ ಅವನ ಮುಂದಿಟ್ಟು, ಯುಗಾದಿ ದಿನ ಊರೆದುರಿಗೆ ಹಾಡಪ್ಪ ಅಂದಳಂತೆ. ಹೆಳವ, ತಾಯೀ, ಹಿಡಿದ ವಂಶ ನಡುವೆ ಬಿಡೋ ಹಾಗಿಲ್ಲ, ಇವತ್ತು ಉಸಿರಾಡೋರ ತನಕ ಹಾಡ್ಬೇಕು ಅಂದ. ಹಾಡು, ಬೇಕಾದ್ರೆ ಎರಡು ಸಲ ಹಾಡು ಅಂದಳು ಇವಳು.

ಯುಗಾದಿ ಬಂತು. ಹಾಲವ್ವ ಆರತಿ ತಟ್ಟೆ ಎತ್ತಿದಳು, ಹೆಳವ ಗಂಟಲೆತ್ತಿದ. ಹುಲಿ ಗುರ್ ಅಂತು, ಬೊಮ್ಮಜ್ಜ ಹೊಳೆ ದಾಟಿದ, ಆಚೆ ದಡದಲ್ಲಿ ಇನ್ನೊಂದು ಮದುವೆಯಾದ, ಮುಪ್ಪಿನಲ್ಲಿ ಬೆಕ್ಕು ಕಂಡು ಅಟ್ಟ ಹತ್ತಕ್ಕೆ ಹೋಗಿ ಬಿದ್ದು ಸತ್ತ ಅಂತ ಹಾಡಿದನಂತೆ. ಹಾಲವ್ವ ತಟ್ಟೆ ಕೆಳಗಿಟ್ಟು ಕಣ್ಣೊರೆಸಿಕೊಂಡಳು. ಕೆಂಚವ್ವ ಸೆರಗು ಬಾಯಿಗಿಟ್ಟು ನಕ್ಕಿದ್ದೇ ನಕ್ಕಿದ್ದು.

ಹೆಳವ ನಿಲ್ಲಿಸಲಿಲ್ಲ. ಆ ಎರಡನೇ ಹೆಂಡತಿಗೊಬ್ಬ ಮಗಳು, ಆ ಮಗಳಿಗೊಬ್ಬ ಮಗಳು, ಅವಳ ಹೊಟ್ಟೇಲಿ ಹುಟ್ಟಿದೋಳು ಕೆಂಚವ್ವ, ಇಗೋ ಇಲ್ಲೇ ನಗ್ತಾ ನಿಂತವಳೆ.

ಕೆಂಚವ್ವ ಬಾಯಿಗಿಟ್ಟ ಸೆರಗನ್ನ ಮುಖದ ತುಂಬ ಎಳ್ಕೊಂಡಳು. ಆಗ, ಎಲ್ಲಿತ್ತೋ ಏನೋ, ಒಂದು ಬೆಕ್ಕು ಬಂದು ಮಿಯಾವ್ ಅಂತಂತೆ.

ಕೆಂಚವ್ವ ಹಾರಿ ವೀರಗಲ್ಲಿನ ಕಟ್ಟೆ ಹತ್ತಿದಳು. ನೋಡಿದರೆ ಹಾಲವ್ವ ಆಗಲೇ ಮೇಲಿದ್ದಾಳೆ, ಕಲ್ಲನ್ನ ತಬ್ಬಿಕೊಂಡು! ಅಯ್ಯೋ ಅಕ್ಕಾ, ನೀನೂನಾ? ಅಂದಳು ಇವಳು. ಬಾಯಿ ಮುಚ್ಚೇ, ಮೊದಲು ಅದನ್ನ ಓಡಿಸು ಅಂದಳು ಅವಳು. ಬೆಕ್ಕನ್ನ ತಿಪ್ಪವ್ವ ಎತ್ಕೊಂಡು ಹೋದಳು.

ಆಮೇಲೆ ಹಾಲವ್ವ ತಟ್ಟೆಯ ಒಂದು ಅಂಚು ಕೆಂಚವ್ವನ ಕೈಗೆ ಕೊಟ್ಟು, ಹಿಡಿ ತಂಗಿ, ನಿನ್ನಜ್ಜನೂ ಹೌದಲ್ಲ ಅಂದಳಂತೆ. ಅವತ್ತಿಂದ ಇಬ್ಬರೂ ಕೂಡಿ ಆರತಿ ಎತ್ತಿದರು, ಬೆಕ್ಕು ಬಂದರೆ ಒಂದೇ ಕೋಣೆ ಸೇರಿ ಅಗುಳಿ ಹಾಕ್ಕೊಂಡರು. ಒಳಗೆ ಕೂತು, ಅಜ್ಜ ಮೊದಲು ಕೈ ಹಿಡಿದಿದ್ದು ನಮ್ಮಜ್ಜೀನ ಅಂತ ಹಾಲವ್ವ, ಕೊನೇ ಗುಟುಕು ನೀರು ಕುಡಿದಿದ್ದು ನಮ್ಮಜ್ಜಿ ಕೈಯಿಂದ ಅಂತ ಕೆಂಚವ್ವ.

ಅವರ ಜಗಳ ಇನ್ನೂ ಮುಗಿದಿಲ್ಲವಂತೆ. ನನ್ನ ಕತೆ ಮುಗೀತು, ಆ ಕಡೆ ಮಗ್ಗುಲಾಗು.