ಹಾಲು ದಕ್ಕದ ಕೂಸು

ಒಂದಾನೊಂದು ಕಾಲದಲ್ಲಿ, ಅಂದ್ರೆ ತೀರಾ ಹಿಂದೇನಲ್ಲ ಕಂದಾ, ಸುಣ್ಣ ಸುಡೋರ ಕೇರೀಲಿ ನಿಂಗಾಜಮ್ಮ ಅಂತ ಒಬ್ಳು ಇದ್ಳಂತೆ. ಅವಳಿಗೊಂದು ಹೆಣ್ಣುಕೂಸು ಹುಟ್ತಂತೆ, ದೇವೀರಿ ಅಂತ ಹೆಸರಿಟ್ರಂತೆ. ಆ ಕೂಸಿಗೆ ಎದೆಹಾಲು ಕುಡಿಸಿದ್ರೆ ಗಳಿಗೇಲೇ ನೀರುಭೇದಿಯಾಗಿ ಹೋಗ್ಬಿಡೋದಂತೆ. ಆಮೇಲೆ ಮೇಕೆಹಾಲು ಹಾಕಿದ್ರಂತೆ, ಅದೂ ದಕ್ಕಲಿಲ್ಲವಂತೆ. ಆಮೇಲೆ ಗಂಜಿತಿಳಿ ಹಾಕಿದ್ರಂತೆ, ಅದೂ ಹೋಯ್ತಂತೆ. ಒಗೆದ ಬಟ್ಟೆ ಒಣಗೋ ಮುಂಚೆ ಇನ್ನೊಂದು ರಾಶಿ ಬೀಳೋದು, ನಿಂಗಾಜಮ್ಮ ಕೂತಲ್ಲೇ ತೂಕಡಿಸೋಳು, ಕೂಸು ಸೊರಗಿ ಸೊರಗಿ ಮುದುಕಿ ಥರ ಆಯ್ತಂತೆ.

ಅತ್ತೆ ಮರೀರಮ್ಮ, ನಿನ್ ಹಾಲೇ ಸರಿಯಿಲ್ಲ ಕಣೇ ಅಂದ್ಳಂತೆ. ನಿಂಗಾಜಮ್ಮನಿಗೆ ಅಳೋಕೂ ತ್ರಾಣ ಇರ್ಲಿಲ್ಲ. ಇರಬಹುದು ಅತ್ತೆ ಅಂದು, ಕೂಸನ್ನ ಸೆರಗಲ್ಲಿ ಸುತ್ಕೊಂಡು ಪಟ್ಟಣದ ದೊಡ್ಡಾಸ್ಪತ್ರೆಗೆ ಹೊರಟ್ಳಂತೆ. ಅತ್ತೇನೂ ಗೊಣಗ್ತಾ ಹಿಂದೇನೇ ಹೋದ್ಳಂತೆ.

ಅಲ್ಲಿ ವಸುಮತಿ ಅನ್ನೋ ಡಾಕ್ಟರಮ್ಮ ಕೂಸಿನ ಕರುಳಿಂದ ಎಳ್ಳುಕಾಳಷ್ಟು ಚೂರು ತೆಗೆದು ನೋಡಿಸಿದ್ರಂತೆ. ಆಮೇಲೆ ಇಬ್ಬರನ್ನೂ ಕೂರಿಸ್ಕೊಂಡು ಹೇಳಿದ್ರಂತೆ. ನೋಡಿಮ್ಮ, ಕರುಳ ಗೋಡೇಲಿ ಸಣ್ಣ ಸಣ್ಣ ಗುಳಿ ಇರ್ತವೆ, ಗುಳಿ ತಳದಲ್ಲಿ ತಾಯಿಕೋಶ ಇರ್ತವೆ, ಅವು ಬಿಡುವಿಲ್ಲದೆ ಮರಿ ಹಾಕ್ತಾನೇ ಇರ್ತವೆ. ಆ ಮರಿಗಳು ಮೇಲಕ್ಕೆ ಹತ್ತುತಾ ಹತ್ತುತಾ ಒಂದೊಂದು ಕೆಲಸ ಕಲೀತವೆ. ಬಹುಪಾಲು ಊಟದ ಸಾರ ಹೀರ್ತವೆ, ಕೆಲವು ಲೋಳೆ ಮಾಡ್ತವೆ, ಎಲ್ಲೋ ಒಂದೆರಡು ಮಾತ್ರ ಹಾರ್ಮೋನು ಮಾಡ್ತವೆ. ಊಟ ಬಂತು ಅಂತ ಮೈಗೆ ತಿಳಿಸೋದೇ ಆ ಹಾರ್ಮೋನು. ನಿಮ್ಮ ಕೂಸಲ್ಲಿ ಅದನ್ನ ಮಾಡೋ ಕೋಶ ಹುಟ್ಟೇ ಇಲ್ಲ, ಊಟ ಬಂದಿದ್ದೇ ಕರುಳಿಗೆ ಗೊತ್ತಾಗಲ್ಲ, ಅದಕ್ಕೇ ಏನು ಹಾಕಿದ್ರೂ ದಕ್ಕಲ್ಲ.

ನನ್ ಹಾಲಿಂದ ಹಿಂಗಾಯ್ತಾ, ಅಂತ ನಿಂಗಾಜಮ್ಮ ಕೇಳಿದ್ಳಂತೆ.

ಇಲ್ಲಮ್ಮ, ಕೂಸು ಹೊಟ್ಟೇಲಿ ಇದ್ದಾಗಲೇ ಆಗಿದ್ದು. ಇದ್ರಲ್ಲಿ ಯಾರ ತಪ್ಪೂ ಇಲ್ಲ ಅಂದ್ರಂತೆ. ಮರೀರಮ್ಮ ತಲೆ ತಗ್ಗಿಸ್ಕೊಂಡು ಕೂತ್ಳಂತೆ.

ಆಮೇಲೆ ಕೂಸಿನ ರಕ್ತನಾಳಕ್ಕೆ ನಳಿಗೆ ಹಾಕಿ, ಊಟದ ಸಾರಾನ ನೇರ ರಕ್ತಕ್ಕೇ ಇಳಿಸಿದ್ರಂತೆ. ಮೊದಲು ಕೂಸು ಕಣ್ಣು ಬಿಡ್ತಂತೆ, ಆಮೇಲೆ ಅಳೋಕೆ ಶಕ್ತಿ ಬಂತಂತೆ, ಆಮೇಲೆ ಕೆನ್ನೆ ತುಂಬ್ತಂತೆ. ಆ ಕೋಶ ಇವತ್ತಿಗೂ ಹುಟ್ಟಿಲ್ಲ ಕಂದಾ, ರಾತ್ರಿ ಹೊತ್ತು ನಳಿಗೆ ಇವತ್ತಿಗೂ ಬೇಕು. ಆದ್ರೂ ಹಗಲೆಲ್ಲ ದೇವೀರಿ ಕೇರಿ ತುಂಬ ಓಡಾಡ್ತಾಳಂತೆ.

ಅವತ್ತು ಆಸ್ಪತ್ರೇಲಿ ಕೂಸಿನ ಕೆನ್ನೆ ತುಂಬಿದ ದಿನ ಅತ್ತೆ ಕೈ ಚಾಚಿ, ಕೊಡಿಲ್ಲಿ, ನಾನು ಎತ್ಕೋತೀನಿ, ನೀನು ಮಲಕ್ಕೋ ಹೋಗು ಅಂದ್ಳಂತೆ. ನಿಂಗಾಜಮ್ಮ ಆಸ್ಪತ್ರೆ ನೆಲದ ಮೇಲೇ ಅಡ್ಡಾದ್ಳಂತೆ. ಮಾರನೇ ದಿನ ಬಿಸಿಲು ಕಾಲಿಗೆ ಬಿದ್ರೂ ಅವಳು ಏಳಲಿಲ್ಲವಂತೆ. ಎಷ್ಟೋ ದಿನದ ನಿದ್ದೆ, ಮಲಗಲಿ ಪಾಪ ಅಂತ ಯಾರೂ ಎಬ್ಬಿಸಲಿಲ್ಲವಂತೆ.

ಅಷ್ಟೇ ಕಂದಾ, ಕತೆ ಇಲ್ಲಿಗೆ ಮುಗೀತು.