ತಂಗಿ ಕೊಟ್ಟ ಕಣ್ಣಿನ ಡ್ರಾಪ್ಸ್

ಧಾರವಾಡದಲ್ಲಿ ನೀಲವ್ವ ಎಂಬ ಹೆಂಗಸಿದ್ದಳು. ಎಳೆ ಎಣಿಸಿ ಸೀರೆಯ ಮೇಲೆ ಕಸೂತಿ ಹಾಕುವುದರಲ್ಲಿ ಅವಳದು ಎತ್ತಿದ ಕೈ. ಸಿಟ್ಟು ಮಾತ್ರ ಸದಾ ಮೂಗಿನ ತುದಿಯಲ್ಲಿ.

ಅವಳ ಕಣ್ಣಿನೊಳಗೆ ಒತ್ತಡ ಏರಿದೆ ಎಂದು ಡಾಕ್ಟರ್ ಸುಮಿತ್ರಾ ಒಂದು ಡ್ರಾಪ್ಸ್ ಬರೆದುಕೊಟ್ಟರು. "ದಿನಾ ತಪ್ಪದ ಹಾಕ್ಕೋರಿ. ಏನರ ತ್ರಾಸಾದ್ರ ನನ್ನ ಕಡೆ ಬರ್ರಿ" ಎಂದರು.

ಡ್ರಾಪ್ಸ್ ಹಾಕಲು ಶುರುಮಾಡಿದ ಮೇಲೆ ಕಣ್ಣು ಕೆಂಪಾಯಿತು. ನೀಲವ್ವ ಡಾಕ್ಟರ ಕಡೆ ಹೋಗಲಿಲ್ಲ. ತಂಗಿ ಚಂದ್ರವ್ವನ ಮನೆಗೆ ಹೋಗಿ ಡಾಕ್ಟರನ್ನು ಬಾಯಿಗೆ ಬಂದಂತೆ ಬೈದಳು.

"ಕಣ್ಣಿನ ಪೊರೆ ತೆಗಸಿದಾಗ ನನಗ ಕೊಟ್ಟಿದ್ದು ಇನ್ನೂ ಉಳದೈತಿ, ತಗೋ ಅಕ್ಕಾ" ಎಂದು ಚಂದ್ರವ್ವ ತನ್ನ ಡ್ರಾಪ್ಸ್ ಕೊಟ್ಟಳು.

ಕೆಂಪು ಮಾಯವಾಯಿತು. ಅದು ಮುಗಿದಾಗ ನೀಲವ್ವ ಔಷಧದ ಅಂಗಡಿಯಿಂದ ಅಂಥದ್ದೇ ಇನ್ನೊಂದು ತಂದಳು. ಡಾಕ್ಟರು ಬರೆದದ್ದನ್ನು ಹಾಕಿ, ರೆಪ್ಪೆ ಬಡಿಯುವ ಮೊದಲೇ ಇದನ್ನೂ ಹಾಕಿಕೊಳ್ಳುತ್ತಿದ್ದಳು.

ಮುಂದಿನ ತಪಾಸಣೆಯಲ್ಲಿ ಒತ್ತಡ ಇನ್ನೂ ಏರಿತ್ತು. "ಬ್ಯಾರೆ ಯಾವುದರ ಡ್ರಾಪ್ಸ್ ಹಾಕ್ಕೊಳ್ಳಾಕತ್ತೀರೇನು?" ಎಂದು ಡಾಕ್ಟರು ಕೇಳಿದರು.

ನೀಲವ್ವ ಭುಗಿಲೆದ್ದಳು. "ನಿಮ್ಮ ಔಷಧ ಕೆಲಸಾ ಮಾಡ್ಲಿಲ್ಲಂದ್ರ ನನ್ನ ಮ್ಯಾಲ ಸಂಶಯೇನ್ರೀ? ಏನೂ ಹಾಕಿಲ್ಲ!"

ಡಾಕ್ಟರು ನಂಬಿದರು. ಮತ್ತೊಂದು ಔಷಧ ಸೇರಿಸಿದರು. ನೀಲವ್ವ ಈಗ ಮೂರನ್ನೂ ಸಾಲಾಗಿ ಹಾಕತೊಡಗಿದಳು.

ಒಂದು ದಿನ ಪೇಟೆಯಲ್ಲಿ ಪಕ್ಕದಿಂದ ಬಂದ ಸೈಕಲ್ ಅವಳಿಗೆ ಕಾಣಲೇ ಇಲ್ಲ. ಬಿದ್ದಳು. ಸೈಕಲ್ಲಿನವನ ಜನ್ಮ ಜಾಲಾಡಿ ಮನೆಗೆ ಬಂದರೆ, ಬಾಗಿಲ ಚೌಕಟ್ಟಿಗೇ ಭುಜ ಬಡಿಯಿತು. ಪಕ್ಕದಲ್ಲಿರುವುದು ತನಗೆ ಕಾಣುತ್ತಿಲ್ಲವೆಂದು ಆಗ ಹೊಳೆಯಿತು. ಹೆದರಿಕೆಯೂ ಅವಳಲ್ಲಿ ಸಿಟ್ಟೇ ಆಯಿತು. ಇದ್ದ ಬಾಟಲಿಗಳನ್ನೆಲ್ಲ ಬಾಚಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿದಳು. "ಇಷ್ಟೆಲ್ಲಾ ಹಾಕೀನಿ! ಆದ್ರೂ ಕಣ್ಣು ಹೊಂಟೈತಿ! ಇದೇನ್ರೀ ನಿಮ್ಮ ವೈದ್ಯಕಿ?"

ಡಾಕ್ಟರು ತಾವು ಬರೆಯದ ಒಂದು ಬಾಟಲಿ ಎತ್ತಿ ನೋಡಿದರು. ಅವರ ಮುಖ ಕೆಂಪಾಯಿತು.

"ಇದನ್ನ ಯಾರು ಕೊಟ್ರು? ಇದರಿಂದ ಕೆಂಪು ಹೋಗತೈತಿ, ಆದ್ರ ನಿಮ್ಮಂಥವರಿಗೆ ಕಣ್ಣಿನ ಒತ್ತಡ ಏರತೈತಿ. ನಾನು ಇಳಸಾಕ ಒದ್ದಾಡಾಕತ್ತೀನಿ, ನೀವು ಏರಸಾಕತ್ತೀರಿ! ಮ್ಯಾಲ ಒಂದರ ಹಿಂದ ಒಂದು ಹಾಕಿದ್ರ ಮೊದಲಿಂದು ತೊಳದು ಹೋಗತೈತಿ. ನಾ ಕೇಳಿದಾಗ ಯಾಕ ಸುಳ್ಳು ಹೇಳಿದ್ರಿ?"

ನೀಲವ್ವ ತಂಗಿಯನ್ನು ಬೈಯೋಣವೆಂದರೆ, ಸುಳ್ಳು ಹೇಳಿದ್ದು ತಂಗಿಯಲ್ಲ. ಇಷ್ಟು ದಿನ ಊರವರ ಮೇಲೆಲ್ಲ ಹರಿದ ಸಿಟ್ಟು ತನ್ನ ಮೇಲೇ ತಿರುಗಿತು. ಅದರಷ್ಟು ಯಾವ ಔಷಧವೂ ಉರಿದಿರಲಿಲ್ಲ.

ತಂಗಿಯ ಔಷಧ ನಿಂತಿತು. ನಿಧಾನವಾಗಿ ಒತ್ತಡ ಇಳಿಯಿತು. ಆದರೆ ಪಕ್ಕದ ನೋಟ ಮತ್ತೆ ಬರಲಿಲ್ಲ. ಈಗ ಅವಳು ಕತ್ತು ತಿರುಗಿಸಿ ತಿರುಗಿಸಿ ಸೀರೆಯ ಅಂಚು ಹುಡುಕುತ್ತಾಳೆ.

ಮೊನ್ನೆ ಆಸ್ಪತ್ರೆಯ ಬೆಂಚಿನಲ್ಲಿ ಒಬ್ಬ ಹೆಂಗಸು ಪಕ್ಕದವಳಿಗೆ ತನ್ನ ಡ್ರಾಪ್ಸ್ ಕೊಡುತ್ತಿದ್ದಳು. ನೀಲವ್ವ ಎದ್ದು ಹೋಗಿ ಬಾಟಲಿ ಕಸಿದುಕೊಂಡಳು.

"ಇದು ನಿನ್ನ ಕಣ್ಣಿಗೆ ಕೊಟ್ಟದ್ದವ್ವಾ, ಅಕಿ ಕಣ್ಣಿಗಲ್ಲ! ಒಳಗ ಡಾಕ್ಟರ್ ಕುಂತಾರಲ್ಲ, ಅವರನ್ನ ಕೇಳಾಕ ನಿಮಗೇನು ಬಾಯಿ ಇಲ್ಲೇನು?"

ನೀತಿ: ಒಬ್ಬರ ಕಣ್ಣಿನ ಔಷಧ ಇನ್ನೊಬ್ಬರ ಕಣ್ಣಿಗೆ ವಿಷವಾಗಬಹುದು. ಕೇಳದೆ ಯಾವ ಔಷಧವನ್ನೂ ಜೊತೆಗೆ ಹಾಕಿಕೊಳ್ಳಬೇಡಿ. ಹಾಕಿದ್ದನ್ನು ವೈದ್ಯರಿಂದ ಮುಚ್ಚಿಡಬೇಡಿ.