ಹಿಂದಕ್ಕೆ ನಡೆದ ಕುದುರೆ

"ಅಜ್ಜಾರ, ಬೈಯೋರು ಶಾಣ್ಯಾರೋ, ಹೊಗಳೋರು ಶಾಣ್ಯಾರೋ?" ಎಂದು ನಿಜಗುಣ ಕೇಳಿದ.

ಮಠದ ಅಜ್ಜನವರು ಅವರೆಕಾಯಿ ಸುಲಿಯುತ್ತಿದ್ದರು. ಯಾವುದರ ಮಾತು ಎಂದು ವಿಚಾರಿಸಿದರು.

ನಿಜಗುಣ ಮಠದ ಪ್ರಸಾದ ನಿಲಯದಲ್ಲಿದ್ದು ಕಾಲೇಜಿಗೆ ಹೋಗುವವನು. ಹೇಳಲು ನಾಚಿಕೆಯಾದರೂ ಹೇಳಿದ. ಒಂದು ವಿಡಿಯೋ ಗೇಮ್ ಬರುತ್ತದೆಂದು ಅವನೂ ಅವನ ಕೋಣೆಯ ಗೆಳೆಯ ಸೋಮಲಿಂಗನೂ ವರ್ಷಗಟ್ಟಲೆ ಕಾದಿದ್ದರು. ಇಬ್ಬರು ಕೂಡಿಯೇ ಆಡಬೇಕಾದ ಆಟ. ಕೊನೆಗೂ ಬಂತು. ನೋಡಿದರೆ ಅದರ ವೀರರು ಗೋಡೆಯೊಳಗೆ ಸಿಕ್ಕಿಕೊಂಡು ಒದ್ದಾಡುತ್ತಿದ್ದರು. ರಥಗಳು ಆಕಾಶಕ್ಕೆ ಹಾರಿ ಅಲ್ಲೇ ನಿಲ್ಲುತ್ತಿದ್ದವು. ನಿಜಗುಣ ಇದು ಹಗಲುದರೋಡೆ ಎಂದ. ಸೋಮಲಿಂಗ ಇಂಥ ಆಟ ಭೂಮಿಯ ಮೇಲೆ ಹುಟ್ಟಿಲ್ಲ ಎಂದ. ಮಾತಿಗೆ ಮಾತು ಬೆಳೆದು ಸೋಮಲಿಂಗ ಹಾಸಿಗೆ ಸುತ್ತಿಕೊಂಡು ಪಕ್ಕದ ಕೋಣೆಗೆ ಹೋದ. ಈಗ ಕಂಪನಿಯವರು ತಪ್ಪುಗಳನ್ನೆಲ್ಲ ತಿದ್ದಿ ಆಟವನ್ನು ಮತ್ತೆ ಕಳಿಸಿದ್ದಾರೆ.

"ತಿದ್ದ್ಯಾರ ಅಂದ್ರ ತಪ್ಪಿತ್ತು ಅಂತಾತಲ್ರಿ? ನಂದ ಖರೆ ಅಂತ ನೀವು ಒಂದು ಮಾತು ಹೇಳಿಬಿಡ್ರಿ. ಅವನ ಮುಂದ ಹೋಗಿ ಹೇಳತೀನಿ."

ಅಜ್ಜನವರು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ದರ್ಜಿ ಇದ್ದ. ಎದುರು ಮನೆಯಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಸಂಜೆಯಾದರೆ ಇಬ್ಬರೂ ದರ್ಜಿಯ ಜಗಲಿಯ ಮೇಲೆ ಪಗಡೆ ಹಾಸಿಕೊಂಡು ಕೂರುವರು. ದರ್ಜಿ ಸೋತರೆ ದಾಳಕ್ಕೆ ಬೈಯುವನು. ವ್ಯಾಪಾರಿ ಸೋತರೆ ದೀಪ ಮಂದವಾಗಿದೆ ಎಂದು ದೀಪಕ್ಕೆ ಬೈಯುವನು, ಎಣ್ಣೆ ತನ್ನ ಅಂಗಡಿಯದೇ ಆದರೂ. ಅವರು ಒಬ್ಬರನ್ನೊಬ್ಬರು ಬೈದದ್ದಿಲ್ಲ.

ಅದೇ ಊರಿನ ಬಡಗಿ ಒಂದು ದಿನ ಡಂಗುರ ಹೊಡೆಸಿದ. ತಾನೊಂದು ಹೊಸ ಪಗಡೆ ಮಾಡುತ್ತಿದ್ದೇನೆ, ಅದರ ಕಾಯಿಗಳೆಲ್ಲ ಆನೆ, ಕುದುರೆ, ಸಿಪಾಯಿ. ಹಲಗೆಯ ಅಂಚಿನ ಗೂಟ ಒತ್ತಿದರೆ ಸಾಕು, ದಾಳದಲ್ಲಿ ಗರ ಬಿದ್ದಷ್ಟು ಮನೆ ತಾವೇ ನಡೆಯುತ್ತವೆ ಎಂದ. ಊರಿಗೆ ಊರೇ ಹುಚ್ಚೆದ್ದಿತು. ದೀಪಾವಳಿಗೆ ಕೊಡುತ್ತೇನೆ ಎಂದವನು ಸಂಕ್ರಾಂತಿ ಎಂದ, ಸಂಕ್ರಾಂತಿ ಬಂದಾಗ ಯುಗಾದಿ ಎಂದ. ಒಳ್ಳೆಯ ಕೆಲಸಕ್ಕೆ ತಡವಾಗುತ್ತದೆ ಎಂದು ಜನ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ದರ್ಜಿಯಂತೂ ಇನ್ನೂ ಹುಟ್ಟದ ಹಲಗೆಗೆ ರೇಷ್ಮೆಯ ಗವಸು ಹೊಲಿದಿಟ್ಟ. ಅಂಗಿಯ ಅಳತೆ ಕೊಡಲು ಬಂದವರಿಗೆ ಆನೆ ಹೇಗೆ ನಡೆಯುತ್ತದೆ ಎಂದು ನಡೆದು ತೋರಿಸಿದ.

ಯುಗಾದಿಗೆ ಹಲಗೆಗಳು ಬಂದವು. ದರ್ಜಿಯೊಂದು ಕೊಂಡ, ವ್ಯಾಪಾರಿಯೊಂದು ಕೊಂಡ. ದರ್ಜಿ ದೇವರಿಗೆ ಕೈಮುಗಿದು ಗೂಟ ಒತ್ತಿದ. ಕುದುರೆ ಹಿಂದಕ್ಕೆ ನಡೆಯಿತು. ಆನೆ ಎರಡು ಮನೆ ಹೋಗಿ ಹಲಗೆಯೊಳಗೆ ಕುತ್ತಿಗೆಯವರೆಗೆ ಹೂತುಹೋಯಿತು. ಹೊಡೆದು ಕೆಡವಿದ ಸಿಪಾಯಿ ಎದ್ದು ನಿಂತು ಸಲಾಮು ಮಾಡಿದ. ಹಣ್ಣಾಗಿ ನಡುಮನೆ ಸೇರಿದ ಕಾಯಿ ಮತ್ತೆ ಕಾಯಾಗಿ ಹೊರಗೆ ಬಂತು.

ದರ್ಜಿಗೆ ಗವಸು ನೆನಪಾಯಿತು.

"ಗುಡ್ಡ ಅಗದು ಇಲಿ ಹಿಡದಾನ! ಇದನ್ನ ಒಲಿಗೆ ಹಾಕ್ರಿ," ಎಂದು ಬೀದಿಗೆ ಕೇಳುವಂತೆ ಕೂಗಿದ.

ಎದುರಿನಿಂದ ವ್ಯಾಪಾರಿ, "ಕುಣಿಯಾಕ ಬರದಾಕಿ ನೆಲಾ ಡೊಂಕು ಅಂದಳಂತ. ಕುದುರಿ ಹಿಂದಕ್ಕ ನಡಿಯೂದು ಯುದ್ಧದ ಉಪಾಯ. ನಿನಗ ತಿಳಿಬೇಕಲ್ಲ!" ಎಂದ.

ಅವನ ಮನೆಯ ಆನೆಯೂ ಕುತ್ತಿಗೆಯವರೆಗೆ ಹೂತಿತ್ತು. ಆದರೆ ಅವನು ಅದನ್ನು ವಿಶ್ರಾಂತಿ ಎಂದು ಕರೆದ.

ಊರು ಎರಡು ಹೋಳಾಯಿತು. ಬೈಯುವವರು ಬಾವಿಕಟ್ಟೆಯಲ್ಲಿ ಸೇರಿದರು, ಹೊಗಳುವವರು ಚಾವಡಿಯಲ್ಲಿ ಸೇರಿದರು. ಎಲ್ಲರಿಗಿಂತ ಜೋರಾಗಿ ಕೂಗಿದವರು ಹಲಗೆ ಕೊಳ್ಳದವರು. ಎಣ್ಣೆ ವ್ಯಾಪಾರಿ ಬೈಯುವವರಿಗೆ ಎಣ್ಣೆ ಅಳೆಯುವುದಿಲ್ಲ ಎಂದ. ದರ್ಜಿ ಹೊಗಳುವವರಿಗೆ ಬಟ್ಟೆ ಹೊಲಿಯುವುದಿಲ್ಲ ಎಂದ. ದರ್ಜಿಯ ಮನೆಯವರು ಒಗ್ಗರಣೆ ಇಲ್ಲದ ಸಾರು ಉಂಡರು. ವ್ಯಾಪಾರಿ ಹರಿದ ಅಂಗಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತು ವ್ಯಾಪಾರ ಮಾಡಿದ. ಇಬ್ಬರಿಗೂ ತಾವು ಗೆಲ್ಲುತ್ತಿದ್ದೇವೆ ಎನ್ನಿಸುತ್ತಿತ್ತು.

ಬಡಗಿ ಮುಖ ಸಣ್ಣದು ಮಾಡಿಕೊಂಡು ಮನೆಮನೆಗೆ ಬಂದ. ಯಾವ ಕುದುರೆ ಹಿಂದಕ್ಕೆ ಹೋಗುತ್ತದೆ, ಯಾವ ಗೂಟ ಸಡಿಲ ಎಂದು ಕೇಳಿದ. ಎಲ್ಲವೂ ಕೆಟ್ಟಿದೆ ಎಂದು ದರ್ಜಿ ಬಾಗಿಲು ಹಾಕಿಕೊಂಡ. ಏನೂ ಕೆಟ್ಟಿಲ್ಲ, ಒಂದು ಮೊಳೆಯನ್ನೂ ಮುಟ್ಟಬೇಡ ಎಂದು ವ್ಯಾಪಾರಿ ಶಾಲು ಹೊದಿಸಿ ಕಳಿಸಿದ. ಬಡಗಿಗೆ ಬೈಗುಳದಿಂದಲೂ ಸಡಿಲ ಗೂಟ ಸಿಗಲಿಲ್ಲ, ಶಾಲಿನಿಂದಲೂ ಸಿಗಲಿಲ್ಲ. ಅವನು ಮನೆಗೆ ಹೋಗಿ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಆಟ ಹೂಡಿದ. ಆಡುತ್ತ ಆಡುತ್ತ ಒಂದೊಂದೇ ತಪ್ಪು ಕಂಡಿತು. ಮಳೆಗಾಲವೆಲ್ಲ, ಬೈದವರದು ಹೊಗಳಿದವರದು ಎನ್ನದೆ ಊರಿನ ಹಲಗೆಗಳನ್ನೆಲ್ಲ ತರಿಸಿಕೊಂಡು ತಿದ್ದಿದ.

ದಸರೆಗೆ ಹಲಗೆ ಮರಳಿ ಬಂತು. ದರ್ಜಿ ಗೂಟ ಒತ್ತಿದ. ಕುದುರೆ ಮುಂದಕ್ಕೆ ನಡೆಯಿತು. ಆನೆ ಕಿವಿ ಬೀಸುತ್ತ ಮನೆ ದಾಟಿತು. ಸತ್ತ ಸಿಪಾಯಿ ಮರ್ಯಾದೆಯಿಂದ ಸತ್ತೇ ಇದ್ದ. ಡಂಗುರದಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿತ್ತು. ದರ್ಜಿಗೆ ಆದ ಸಂತೋಷ ಹೇಳತೀರದು. ಜಗಲಿಯ ಮೇಲೆ ಹಲಗೆ ಹಾಸಿ, ದೀಪ ಹಚ್ಚಿ, ತನ್ನ ಕಡೆಯ ಕಾಯಿ ಹೂಡಿದ. ಎದುರು ಕಡೆಯ ಕಾಯಿಗಳನ್ನೂ ತಾನೇ ಹೂಡಿದ.

ಪಕ್ಕದ ಬೀದಿಯವರನ್ನು ಕರೆಯೋಣವೆಂದರೆ ಅವರು ಚಾವಡಿಯ ಪಕ್ಷದವರು. ಬಾವಿಕಟ್ಟೆಯವರಿಗೆ ಬೈಯಲು ಬರುತ್ತಿತ್ತೇ ಹೊರತು ಪಗಡೆ ಬರುತ್ತಿರಲಿಲ್ಲ. ಆದದ್ದಾಗಲಿ ಎಂದು ಅವನು ತನ್ನ ದಾಳವನ್ನೂ ಹಾಕಿದ, ಎದುರಿನವನ ದಾಳವನ್ನೂ ಹಾಕಿದ. ಎದುರಿನವನಿಗೇ ಒಳ್ಳೊಳ್ಳೆಯ ಗರ ಬಿದ್ದವು. ದರ್ಜಿಯ ಕುದುರೆ ಸತ್ತಿತು, ಆನೆ ಸತ್ತಿತು, ಆಟ ಸೋತ. ದಾಳಕ್ಕೆ ಬೈದ. ಇನ್ನು ವ್ಯಾಪಾರಿ ದೀಪ ಚೆನ್ನಾಗಿದೆ ಎಂದು ಅಣಕಿಸುತ್ತಾನೆ ಎಂದುಕೊಂಡು ತಲೆ ಎತ್ತಿದ. ಎದುರಿಗೆ ಗೋಡೆ ಇತ್ತು. ದರ್ಜಿಗೆ ಅಳು ಬಂತು. ಬೀದಿಯ ಆಚೆ ವ್ಯಾಪಾರಿಯ ಜಗಲಿಯಲ್ಲೂ ದಾಳ ಉರುಳುವ ಸದ್ದಾಗುತ್ತಿತ್ತು. ಅಲ್ಲಿಯೂ ಬೈಯುವ ದನಿ ಒಂದೇ ಇತ್ತು.

ಅಜ್ಜನವರು ಕತೆ ನಿಲ್ಲಿಸಿ ಇನ್ನೊಂದು ಅವರೆಕಾಯಿ ಎತ್ತಿಕೊಂಡರು.

ನಿಜಗುಣ ಕೇಳಿದ್ದ ತೀರ್ಪು ಬರಲಿಲ್ಲ.

"ಅದೆಲ್ಲಾ ಖರೇರಿ ಅಜ್ಜಾರ. ಆದ್ರ ಕುದುರಿ ಹಿಂದಕ್ಕ ನಡದದ್ದು ಖರೆ ಹೌದಲ್ರಿ? ದರ್ಜಿ ಹೇಳಿದ್ದ ಖರೆ ಅಂತಾತಲ್ಲ?"

"ಹೌದಪಾ, ದರ್ಜಿ ಹೇಳಿದ್ದ ಖರೆ," ಎಂದರು ಅಜ್ಜನವರು. "ನಿನ್ನ ಆಟಾನೂ ಈಗ ಸರಿ ಆಗೇತಂತಲ್ಲ, ಯಾರ ಜೋಡಿ ಆಡಿದಿ?"